ಪರದೆಯ ಮೇಲಿಲ್ಲದ ‘ರೀ’

"ಇದನ್ನ ಒಂದ್ಸಲ ಕೇಳಿ. ಇಂಥದ್ದು ಬಂದ್ರೆ ನಾವು ತಗೊಳ್ಳಲ್ಲ," ಎನ್ನುತ್ತ ವೇದಿಕೆಯ ಮೇಲಿದ್ದ ಯುವಕ ಲ್ಯಾಪ್‌ಟಾಪಿನ ಗುಂಡಿ ಒತ್ತಿದ.

ಠಾಣೆ ನಗರದ ಕನ್ನಡ ಸಂಘದ ಸಭಾಂಗಣದ ತುಂಬ ಒಂದು ಹೆಣ್ಣು ದನಿ ಕೇಳಿಸಿತು.

"ಬಾಗಿಲ ಹತ್ತಿರ ನಿಲ್ಲಬ್ಯಾಡ್ರೀ."

ಪರದೆಯ ಮೇಲಿದ್ದ ಸಾಲು ಬೇರೆ. ‘ಬಾಗಿಲ ಹತ್ತಿರ ನಿಲ್ಲಬೇಡಿ.’

ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆ ನಗು ಕುರ್ಚಿಯಿಂದ ಕುರ್ಚಿಗೆ ದಾಟಿ ಕೊನೆಯ ಸಾಲಿನವರೆಗೂ ಬಂತು. ಅಲ್ಲಿ ಕೂತಿದ್ದ ದಾನೇಶ್ವರಿಗೆ ಮಾತ್ರ ನಗು ಬರಲಿಲ್ಲ.

ಅದು ಅವಳದೇ ದನಿ.

ಹೀಗೆ ಓದಿದ್ದೆನೇ ನಾನು? ಅಕ್ಷರ ಅಕ್ಷರ ನೋಡಿ ಓದಿದ್ದೆನಲ್ಲ...

ಅವಳ ಕಿವಿ ಬಿಸಿಯಾಯಿತು. ಬಾಗಿಲು ಪಕ್ಕದಲ್ಲೇ ಇತ್ತು. ಎದ್ದು ಹೋದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಗೊತ್ತಾಗದ ಹಾಗೆ ಹೋಗಲು ತಾನೇನು ಕಳವು ಮಾಡಿದ್ದೇನೆಯೇ ಎಂದುಕೊಂಡು ಅವಳು ಎದ್ದು ನಿಂತಳು.

"ಅದು ನನ್ನ ದನಿ."

ಮುಂದಿದ್ದ ತಲೆಗಳೆಲ್ಲ ಹಿಂದಕ್ಕೆ ತಿರುಗಿದವು. ಯುವಕನ ಬೆರಳು ಗುಂಡಿಯ ಮೇಲೆಯೇ ಉಳಿಯಿತು.

"ಸಾರಿ... ದನಿಗಳ ಜೊತೆ ಹೆಸರು ಬರಲ್ಲ. ಯಾರದ್ದು ಅಂತ ನನಗೆ ಗೊತ್ತಿರಲಿಲ್ಲ."

"ಗೊತ್ತಿದ್ರ ಕೇಳಿಸ್ತಿದ್ದಿಲ್ಲೇನು?"

ಅವನು ಲ್ಯಾಪ್‌ಟಾಪಿನ ಮುಚ್ಚಳ ಅರ್ಧ ಮುಚ್ಚಿದ.

"ಇರ್ಲಿ, ನೀವು ಮುಂದುವರಿಸ್ರಿ," ಎಂದಳು ದಾನೇಶ್ವರಿ. "ನಾನು ಇಲ್ಲೇ ಕೂತು ಪೂರ್ತಿ ಕೇಳ್ತೀನಿ."

ಕೂತಳು. ಬ್ಯಾಗಿನ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡಳು. ಮುಖದ ಮೇಲೆ ಮಾತ್ರ ಏನನ್ನೂ ತೋರಗೊಡಲಿಲ್ಲ.

ಯುವಕನ ಹೆಸರು ಚಿನ್ಮಯ್. ಮೈಸೂರಿನವನು, ಐರೋಲಿಯ ಐಟಿ ಕಂಪನಿಯಲ್ಲಿ ಕೆಲಸ, ಠಾಣೆಯಲ್ಲಿ ಬಾಡಿಗೆ ಮನೆ. ಬಿಡುವಿನ ಹೊತ್ತಿನಲ್ಲಿ ಕೆಲವು ಗೆಳೆಯರ ಜೊತೆ ಸೇರಿ ‘ಆಲಿಸು’ ಎಂಬ ಆ್ಯಪ್ ಕಟ್ಟುತ್ತಿದ್ದ. ನಾವು ಕನ್ನಡದಲ್ಲಿ ಮಾತಾಡಿದರೆ ಅದು ಕೇಳಿಸಿಕೊಂಡು ಬರೆದುಕೊಡಬೇಕು. ಜಾಹೀರಾತಿಲ್ಲ, ದುಡ್ಡಿಲ್ಲ, ಎಲ್ಲರಿಗೂ ಮುಕ್ತ. ಅದಕ್ಕೆ ಕಿವಿ ಪಳಗಿಸಲು ಜನ ಪರದೆಯ ಮೇಲಿನ ಸಾಲುಗಳನ್ನು ಓದಿ ದನಿ ಕೊಡಬೇಕಿತ್ತು.

ದಾನೇಶ್ವರಿಗೆ ಇಂಥವೆಂದರೆ ಪ್ರಾಣ. ಬೇಲಾಪುರದ ಕಚೇರಿಯೊಂದರಲ್ಲಿ ಕೆಲಸ, ಡೊಂಬಿವಲಿಯಲ್ಲಿ ಮನೆ. ಲೋಕಲ್ ರೈಲಿನ ಗದ್ದಲದಲ್ಲೂ ಅವಳ ಬೆರಳು ಹೊಸದೇನಾದರೂ ಹುಡುಕುತ್ತಿರುತ್ತಿತ್ತು. ಪಿಡಿಎಫ್ ಜೋಡಿಸುವ ಪುಟ್ಟ ತಂತ್ರಾಂಶ, ನೆಟ್ ಇಲ್ಲದೆ ತೆರೆಯುವ ನಿಘಂಟು, ಹಳೆಯ ಲ್ಯಾಪ್‌ಟಾಪಿಗೆ ಮರುಜೀವ ಕೊಡುವ ಲಿನಕ್ಸ್. ತಾನು ಬಳಸಿ ನೋಡಿ, ಸರಿ ಅನಿಸಿದ್ದನ್ನು ಮಾತ್ರ ‘ಪುಕ್ಕಟ ಪೆಟಿಗಿ’ ಎಂಬ ತನ್ನ ಟೆಲಿಗ್ರಾಂ ಚಾನೆಲ್ಲಿನಲ್ಲಿ ಬರೆಯುತ್ತಿದ್ದಳು. ಅವಳು ಚಲೋ ಅಂದರೆ ಓದುಗರು ಕಣ್ಣು ಮುಚ್ಚಿ ಇಳಿಸಿಕೊಳ್ಳುತ್ತಿದ್ದರು.

ಚಹಾದ ಹೊತ್ತಿಗೆ ಚಿನ್ಮಯ್ ಅವಳನ್ನು ಹುಡುಕಿಕೊಂಡು ಬಂದ. ಜೊತೆಗೆ ಸಂಘದ ಕಾರ್ಯದರ್ಶಿ ವಾರಿಜಾ, ಮಂಗಳೂರಿನವರು.

"ಮಾರಾಯ್ತಿ, ಬೇಜಾರು ಮಾಡ್ಕೊಳ್ಬೇಡ. ಹುಡುಗ ಒಳ್ಳೆಯವನೇ. ಬಾಯಿ ಸ್ವಲ್ಪ ಮುಂದೆ ಓಡ್ತದೆ ಅಷ್ಟೇ," ಎಂದು ವಾರಿಜಾ ಇಬ್ಬರನ್ನೂ ಬಿಟ್ಟು ತಾವು ಜಾರಿಕೊಂಡರು.

"ನಿಜವಾಗ್ಲೂ ಕ್ಷಮಿಸಿ," ಎಂದ ಚಿನ್ಮಯ್.

"ಕ್ಷಮೆ ಬ್ಯಾಡ್ರಿ. ಕಾರಣ ಹೇಳ್ರಿ. ನನ್ನ ಓದು ಯಾಕ ತಗೊಳ್ಳಂಗಿಲ್ಲ?"

"ಬರೆದದ್ದು ಒಂದು, ಓದಿದ್ದು ಇನ್ನೊಂದು ಆದ್ರೆ ಯಂತ್ರ ತಪ್ಪು ಕಲಿಯುತ್ತೆ. ಪರದೆ ಮೇಲೆ ‘ರೀ’ ಇರಲಿಲ್ಲ."

"ಗುರುತಿಲ್ಲದವ್ರಿಗೆ ‘ರೀ’ ಹಚ್ಚದ ಮಾತಾಡಿದ್ರ ನಮ್ಮವ್ವ ಬೈತಾಳ. ನಾಲಿಗಿ ತಾನ ಹಚ್ಕೊಂಡೈತಿ." ಅವಳು ಚಹಾದ ಲೋಟ ಕೆಳಗಿಟ್ಟಳು. "ನಮ್ಮವ್ವಗ ಬರಿಯಾಕ ಬರಂಗಿಲ್ಲ. ಮನಿಯಾಗ ಜ್ವಾಳದ ರೊಟ್ಟಿ ಬಡದು ಮಾರ್ತಾಳ. ಗಿರಾಕಿಗಳು ಟ್ರೇನಿನ್ಯಾಗ ಇರ್ತಾರ, ಆವಾಜು ಕೇಳ್ಸಂಗಿಲ್ಲ, ಬರದ ಕಳಸ್ರಿ ಅಂತಾರ. ಹೋದ ತಿಂಗಳು ಅವ್ವ ಫೋನಿಗೆ ಹೇಳಿದ್ಲು, ‘ಇವತ್ತ ರೊಟ್ಟಿಯೊಳಗ ಎಳ್ಳು ಇಲ್ರಿ’ ಅಂತ. ಫೋನು ಏನ ಬರೀತು ಗೊತ್ತೈತೇನ್ರಿ? ‘ಇವತ್ತು ರೊಟ್ಟಿಯೊಳಗೆ ಎಲ್ಲೂ ಇಲಿ.’"

ಚಿನ್ಮಯ್ ನಗು ತಡೆಯಲು ತುಟಿ ಕಚ್ಚಿದ. ಆಗಲಿಲ್ಲ.

"ನಗ್ರಿ ನಗ್ರಿ. ಗುಂಪಿನ್ಯಾಗ ಎಲ್ಲಾರೂ ಓದಿದ್ರು. ಅರ್ಧ ಗಿರಾಕಿ ಹೋದ್ರು. ಅವ್ವ ಈಗ ಫೋನು ಮುಟ್ಟಾಕ ಅಂಜತಾಳ. ಆಕಿ ಮಾತು ತಿಳಿಯೋ ಆ್ಯಪ್ ಒಂದರ ಇರ್ಲಿ ಅಂತ ನಾ ದನಿ ಕೊಟ್ಟೆ. ನೀವು ಅದನ್ನ ತಗದು ಹಾಕಿದ್ರಿ."

ನಗು ಅವನ ಮುಖದಿಂದ ಇಳಿಯಿತು.

"ಓದಿದ್ದು ತಪ್ಪಲ್ಲ. ನಾವು ಬರೆದ ಸಾಲುಗಳೇ ಸಾಲದು," ಎಂದ ನಿಧಾನವಾಗಿ. "ನಿಮ್ಮ ಮನೆ ಮಾತಲ್ಲೇ ಸಾಲು ಬರೆಯೋಣ. ಹಾಗೇ ಓದಿ. ಆಗ ಬರೆದದ್ದು, ಓದಿದ್ದು ಎರಡೂ ಒಂದೇ. ಬರೆದುಕೊಡ್ತೀರಾ?"

ಈ ಮನುಷ್ಯ ಸೋಲುವುದಕ್ಕೂ ತಯಾರಿದ್ದಾನೆ ಎಂದು ದಾನೇಶ್ವರಿ ಅಂದೇ ಗಮನಿಸಿದಳು. ಹೇಳಲಿಲ್ಲ ಅಷ್ಟೇ.

ಹಾಗೆ ಶುರುವಾದವು ಆ ಭಾನುವಾರಗಳು.

ಚಿನ್ಮಯ್ ಠಾಣೆಯಿಂದ ಸ್ಲೋ ಲೋಕಲ್ ಹಿಡಿದು ಡೊಂಬಿವಲಿಗೆ ಬರುತ್ತಿದ್ದ. ಮನೆಯ ಹಿಂದೆಯೇ ರೈಲು ಹಳಿ. ಎಲ್ಲಿ ಕೂತರೂ ರೈಲಿನ ಸದ್ದು. ಕೊನೆಗೆ ದಾನೇಶ್ವರಿಯೇ ಉಪಾಯ ಹೇಳಿದಳು. ಕಪಾಟಿನ ಬಾಗಿಲು ತೆರೆದು, ತೂಗುಹಾಕಿದ ಸೀರೆಗಳ ನಡುವೆ ಪುಟ್ಟ ಕಾಲರ್ ಮೈಕು ಕಟ್ಟಿದಳು. ಬಟ್ಟೆ ಸದ್ದನ್ನು ನುಂಗುತ್ತದೆ ಎಂದು ಅವಳು ಎಲ್ಲೋ ವಿಡಿಯೋದಲ್ಲಿ ನೋಡಿದ್ದಳು.

ಅವಳ ತಾಯಿ ಪದ್ಮಾವತಿ ತಲೆಯನ್ನು ಸೀರೆಗಳೊಳಗೆ ತೂರಿಸಿ ಕೂತರು. ಚಿನ್ಮಯ್ ಒಂದೊಂದೇ ಸಾಲು ಓದಿ ಹೇಳುತ್ತಿದ್ದ, ಅವರು ಅದನ್ನು ತಮ್ಮ ದನಿಯಲ್ಲಿ ಹೇಳಬೇಕಿತ್ತು.

"ತಮ್ಮಾ, ಕಪಾಟಿನ ಕೂಡ ಮಾತಾಡಾಕ ನನಗೇನ ಹುಚ್ಚ ಹಿಡದೈತೇನು?"

"ಇಲ್ಲಮ್ಮ. ಕನ್ನಡಕ್ಕೆ ಕಿವಿ ಕೊಡಿಸ್ತಿದ್ದೀರಿ."

"ಕಿವಿ ಆಮ್ಯಾಲ. ಮೊದಲ ರೊಟ್ಟಿ ತಿನ್ನು. ಹೊಟ್ಟಿಯೊಳಗ ಏನೂ ಇಲ್ದವ್ರಂಗ ಮಾತಾಡ್ತಿ."

ದಾನೇಶ್ವರಿ ಮೇಜಿನ ಮುಂದೆ ಕೂತು ಬಂದ ದನಿಗಳನ್ನು ಕತ್ತರಿಸಿ ತೊಳೆಯುತ್ತಿದ್ದಳು.

"ಈ ಸದ್ದು ತೆಗೆಯೋ ಸಾಫ್ಟ್‌ವೇರಿಗೆ ನಾನು ಪ್ರತಿ ವರ್ಷ ದುಡ್ಡು ಕಟ್ತೀನಿ," ಎಂದ ಚಿನ್ಮಯ್, ಅವಳ ಪರದೆಯನ್ನೇ ನೋಡುತ್ತ.

"ಯಾಕ? ಇದ ಕೆಲಸ ಆಡಾಸಿಟಿಯೊಳಗ ಪುಕ್ಕಟ ಆಗತೈತಿ. ನೋಡ್ರಿ." ಅವಳು ಎರಡು ಬಾರಿ ಒತ್ತಿದಳು. ರೈಲು ಮಾಯವಾಯಿತು. ಅವ್ವನ ದನಿ ಉಳಿಯಿತು.

"ಇಷ್ಟು ದಿನ ನೀವೆಲ್ಲಿದ್ರಿ?" ಅಂದುಬಿಟ್ಟ ಅವನು. ಅಂದಮೇಲೆ ಇಬ್ಬರಿಗೂ ಆ ಮಾತು ಸಾಫ್ಟ್‌ವೇರಿನದಲ್ಲ ಅನಿಸಿತು. ದಾನೇಶ್ವರಿ ಮುಂದಿನ ತುಣುಕು ತೆರೆದಳು.

ಒಂದು ಸಂಜೆ ದನಿಗಳನ್ನು ಒಪ್ಪ ಮಾಡುವಾಗ ಅವಳಿಗೆ ಒಂದು ತುಣುಕು ಸಿಕ್ಕಿತು. ಸಾಲು ಮುಗಿದಿತ್ತು, ಮೈಕು ಮಾತ್ರ ನಿಂತಿರಲಿಲ್ಲ. ಚಿನ್ಮಯ್ ಮೆಲ್ಲಗೆ ಕೇಳುತ್ತಿದ್ದ.

"ಅಮ್ಮ, ದಾನೇಶ್ವರಿ ಯಾವಾಗ್ಲೂ ಇಷ್ಟು ಗಂಭೀರಾನಾ?"

"ಇಲ್ಲಪ. ನೀ ಬಂದಾಗಷ್ಟ."

ಅವಳು ಮತ್ತೊಮ್ಮೆ ಕೇಳಿದಳು. ಇನ್ನೊಮ್ಮೆ... ಬೇಡದ ತುಣುಕು ಅಳಿಸುವುದು ಅವಳ ಕೆಲಸ. ಅಳಿಸಲಿಲ್ಲ. ಬೇರೆ ಫೋಲ್ಡರಿಗೆ ಸರಿಸಿದಳು.

ಈ ಸುಖಕ್ಕೆ ದೃಷ್ಟಿ ತಾಗಿದ್ದು ಒಂದು ಸೋಮವಾರ.

ಕಚೇರಿಯ ಊಟದ ಹೊತ್ತಿನಲ್ಲಿ ದಾನೇಶ್ವರಿ ‘ಆಲಿಸು’ವಿನ ಪುಟ ತೆರೆದು ನೋಡಿದಳು. ಹೊಸ ಆವೃತ್ತಿ ಇನ್ನೇನು ಬರಲಿತ್ತು. ಕನ್ನಡದ ದನಿಗಳ ಪಟ್ಟಿಯಲ್ಲಿ ತಾವು ಕೊಟ್ಟದ್ದು ಒಂದೂ ಇರಲಿಲ್ಲ! ಕೆಳಗೆ ಒಂದು ಸಾಲಿತ್ತು. ‘ಡೊಂಬಿವಲಿಯ ದನಿಗಳನ್ನು ಇಲ್ಲಿಂದ ಹೊರತೆಗೆಯಲಾಗಿದೆ. ತೆಗೆದವರು: ಚಿನ್ಮಯ್.’

ಅವಳು ಊಟದ ಡಬ್ಬಿ ಮುಚ್ಚಿದಳು.

ಅವನಿಗೆ ಒಂದು ಮಾತು ಕೇಳಬಹುದಿತ್ತು. ಫೋನ್ ಕೈಯಲ್ಲೇ ಇತ್ತು. ಆದರೆ ಆ ಸಭಾಂಗಣದ ನಗು ಅವಳ ಕಿವಿಯಲ್ಲಿ ಮತ್ತೆ ಎದ್ದಿತು. ಕಪಾಟಿನೊಳಗೆ ತಲೆಯಿಟ್ಟು ಬೆವರುತ್ತ ಸಾಲು ಹೇಳಿದ ಅವ್ವನ ಮುಖ ಕಣ್ಣಿಗೆ ಕಟ್ಟಿತು. ನನ್ನನ್ನು ನೋಡಿ ನಕ್ಕರೆ ತಡೆದುಕೊಂಡೇನು, ಅವ್ವನನ್ನೂ ಹೊರಗೆ ನಿಲ್ಲಿಸಿದರಲ್ಲ...

ಅವಳು ಕೇಳಲಿಲ್ಲ. ಬರೆದಳು.

‘ಆಲಿಸು ಎಲ್ಲರ ಮಾತನ್ನೂ ಆಲಿಸುವುದಿಲ್ಲ. ನಮ್ಮ ದನಿ ತೆಗೆದುಕೊಂಡು ಹೊರಗಿಟ್ಟಿದ್ದಾರೆ. ನನ್ನ ಓದುಗರು ಇದನ್ನು ಬಳಸಬೇಡಿ.’

ಸಂಜೆಯೊಳಗೆ ಪೋಸ್ಟ್ ಎಲ್ಲೆಡೆ ಹರಡಿತು. ಕಲಬುರಗಿಯವರು, ರಾಯಚೂರಿನವರು, ಡೊಂಬಿವಲಿ ಪಕ್ಕದ ಕಲ್ಯಾಣದ ಕಟ್ಟಡ ಕೆಲಸದವರು, ಎಲ್ಲರೂ ಅವಳ ಬೆನ್ನಿಗೆ ನಿಂತರು. ಚಿನ್ಮಯನ ಕರೆ ಬಂತು. ಎತ್ತಲಿಲ್ಲ. ಸಂದೇಶ ಬಂತು. ‘ದಯವಿಟ್ಟು ಭಾನುವಾರದವರೆಗೆ ಕಾಯಿರಿ.’

ಯಾಕೆ ಕಾಯಬೇಕು? ಅವಳು ಫೋನನ್ನು ಬೋರಲು ಮಾಡಿಟ್ಟಳು. ಆ ವಾರವಿಡೀ ರೈಲಿನಲ್ಲಿ ಅವಳು ಹೊಸದೇನನ್ನೂ ಹುಡುಕಲಿಲ್ಲ.

ಭಾನುವಾರ ಮಧ್ಯಾಹ್ನ. ಪದ್ಮಾವತಿ ಕೈಗೆ ಹತ್ತಿದ ಹಿಟ್ಟು ಒರೆಸುತ್ತ ಬಂದರು.

"ದಾನವ್ವಾ, ಆ ಕಿವಿ ಆ್ಯಪ್ ಏನೋ ಕೇಳಾಕತ್ತೈತಿ ನೋಡು. ಸುಮ್ನ ಕೈ ತಾಗಿ ತಗೀತು."

ದಾನೇಶ್ವರಿ ಮನಸ್ಸಿಲ್ಲದ ಮನಸ್ಸಿನಿಂದ ಫೋನು ತೆಗೆದುಕೊಂಡಳು. ಆ್ಯಪ್ ತನಗೆ ತಾನೇ ಹೊಸದಾಗಿತ್ತು. ಪರದೆಯ ಮೇಲೆ ಒಂದು ಪ್ರಶ್ನೆ.

‘ನಿಮ್ಮ ಮನೆಯಲ್ಲಿ ಹೇಗೆ ಮಾತಾಡ್ತೀರಿ?’

ಅದರ ಕೆಳಗೆ ಎರಡು ಗುಂಡಿಗಳು. ಒಂದು, ‘ಹೀಗೆ ಮಾತಾಡ್ತೀವಿ.’ ಇನ್ನೊಂದು, ‘ಹಿಂಗ ಮಾತಾಡ್ತೀವ್ರಿ.’

ಅವಳಿಗೆ ಅಕ್ಷರಗಳು ಮಸುಕಾದವು.

"ಏನಂತೈತಿ ಅದು?"

"ನೀ ಮಾತಾಡು ಅವ್ವಾ... ಏನರ ಮಾತಾಡು." ಅವಳು ಎರಡನೆಯ ಗುಂಡಿ ಒತ್ತಿ ಫೋನನ್ನು ತಾಯಿಯ ಬಾಯಿಯ ಹತ್ತಿರ ಹಿಡಿದಳು.

"ಏನ ಮಾತಾಡ್ಲಿ? ಗ್ಯಾಸಿನ ಮ್ಯಾಲ ಬದನಿಕಾಯಿ ಇಟ್ಟ ಬಂದೀನಿ, ಸೀದ ಹೊಕ್ಕಾವ, ಲಗೂ ಬಿಡು ನನ್ನ."

ಫೋನು ಒಂದು ಕ್ಷಣ ಯೋಚಿಸಿತು. ಬರೆಯಿತು. ಬದನಿಕಾಯಿ ಬದನಿಕಾಯಿಯಾಗಿಯೇ ಇತ್ತು. ‘ಲಗೂ’ ಕೂಡ.

ದಾನೇಶ್ವರಿ ಅದನ್ನು ಜೋರಾಗಿ ಓದಿದಳು. ಪದ್ಮಾವತಿ ಗ್ಯಾಸು ಮರೆತು ನಿಂತರು.

"ನಾ ಅಂದದ್ದ ಅಂದೈತಲ್ಲವಾ... ಅಂವ ಕೊಟ್ಟ ಮಾತು ನಡಸ್ಯಾನ. ನೀ ಯಾಕ ಅವನ ಫೋನು ಎತ್ತವಲ್ಲಿ?"

ದಾನೇಶ್ವರಿಗೆ ಆಗ ಹೊಳೆಯಿತು. ಹೊರತೆಗೆದದ್ದು ಎಸೆಯಲಿಕ್ಕಲ್ಲ, ಬೇರೆಯೇ ಮನೆ ಕಟ್ಟಿಕೊಡಲಿಕ್ಕೆ!

ಅವಳು ಮೊದಲು ಚಾನೆಲ್ ತೆರೆದಳು. ‘ಆಲಿಸು ಬಗ್ಗೆ ನಾನು ವಿಚಾರಿಸದೆ ಬರೆದೆ. ತಪ್ಪು ನನ್ನದು. ಇಳಿಸಿಕೊಂಡು ಎರಡನೆಯ ಗುಂಡಿ ಒತ್ತಿ ನೋಡಿ.’ ಹಳೆಯ ಪೋಸ್ಟನ್ನು ಅಳಿಸದೆ, ಅದರ ಮೇಲೆಯೇ ಇದನ್ನು ಅಂಟಿಸಿದಳು. ಆಮೇಲೆ ಫೋನು ಮಾಡಿದಳು.

"ಎಲ್ಲಿದ್ದೀರಿ?"

"ತಲಾವ್ ಪಾಳಿ ಕೆರೆ ಹತ್ರ. ಯಾಕೆ?"

"ಅಲ್ಲೇ ಇರ್ರಿ. ಬರ್ತೀನಿ."

ಠಾಣೆಯ ಕೆರೆಯ ದಂಡೆಯಲ್ಲಿ ಸಂಜೆಯ ಜನ ಸೇರಿದ್ದರು. ದೋಣಿಗಳು ನಿಧಾನವಾಗಿ ಸುತ್ತುತ್ತಿದ್ದವು. ಕಲ್ಲಿನ ಕಟ್ಟೆಯ ಮೇಲೆ ಕೂತಿದ್ದ ಚಿನ್ಮಯ್ ಅವಳನ್ನು ಕಂಡು ಎದ್ದು ನಿಂತ. ವಾರದಲ್ಲೇ ಸೊರಗಿದವನಂತೆ ಕಾಣುತ್ತಿದ್ದ.

"ನನ್ನ ತಪ್ಪು ನಾನು ಬರದೀನಿ. ಓದಿದ್ರೇನು?" ಎಂದಳು.

"ಓದಿದೆ."

"ಈಗ ನಿಮ್ಮ ತಪ್ಪು ಹೇಳ್ರಿ. ಯಾಕ ನನಗ ತಿಳಸಲಿಲ್ಲ?"

ಅವನು ನೀರಿನ ಕಡೆ ತಿರುಗಿದ.

"ತಂಡದವರು ನಿಮ್ಮ ಸಾಲುಗಳನ್ನ ತಿದ್ದಿ ಸೇರಿಸೋಣ ಅಂದ್ರು. ‘ಬ್ಯಾಡ್ರಿ’ ಅಂತ ದನಿ ಬಂದ್ರೆ ‘ಬೇಡಿ’ ಅಂತ ಬರೆಯೋ ಹಾಗೆ. ನಾನು ಒಪ್ಪಲಿಲ್ಲ. ಬೇರೆ ತೆಗೆದು, ಅದೂ ಒಂದು ಪೂರ್ತಿ ಕನ್ನಡ ಅಂತ ವಾದ ಮಾಡ್ದೆ. ಅವರು ಹೂಂ ಅಂದಿದ್ದು ನಿನ್ನೆ. ಇಲ್ಲ ಅಂದಿದ್ರೆ? ನಿಮಗೆ ಮತ್ತೊಂದ್ಸಲ ‘ತಗೊಳ್ಳಲ್ಲ’ ಅಂತ ನಾನೇ ಹೇಳ್ಬೇಕಿತ್ತು. ಅವತ್ತು ನೀವು ಎದ್ದು ನಿಂತಾಗ ನಿಮ್ಮ ಮುಖ ನೋಡಿದ್ದೆ. ಇನ್ನೊಮ್ಮೆ ನೋಡೋ ಧೈರ್ಯ ಇರಲಿಲ್ಲ."

"ಅದು ನನ್ನ ಮುಖ," ಎಂದಳು ದಾನೇಶ್ವರಿ. ದನಿ ಗಟ್ಟಿಯಾಗಿತ್ತು, ಕಣ್ಣು ಮಾತ್ರ ತುಂಬಿತ್ತು. "ನನಗ ನೋವಾಗತೈತಿ ಅಂತ ನನ್ನ ಹೊರಗಿಟ್ಟು ನಿರ್ಧಾರ ಮಾಡಬ್ಯಾಡ್ರಿ. ಸೋಲೂದಿದ್ರ ಕೂಡೇ ಸೋಲೂಣು."

"ಮಾಡಲ್ಲ. ಇನ್ಮೇಲೆ ಎಲ್ಲಾ ಕೇಳ್ತೀನಿ."

"ಮತ್ತ ನಾನೂ ಬರಿಯೂದಕ್ಕಿಂತ ಮೊದಲ ಕೇಳ್ತೀನಿ."

ಮಾತು ಅಲ್ಲಿಗೆ ಮುಗಿಯಬಹುದಿತ್ತು. ಇಬ್ಬರೂ ಹೊರಡಲಿಲ್ಲ. ಅವನು ಏನೋ ಹೇಳಲು ಬಾಯಿ ತೆರೆದ, ಮುಚ್ಚಿದ, ಕನ್ನಡಕ ಒರೆಸಿಕೊಂಡ. ಸಭೆಯಲ್ಲಿ ನೂರಾರು ಜನರ ಮುಂದೆ ಮಾತಾಡುವವನಿಗೆ ಇಲ್ಲಿ ಒಂದು ಸಾಲೂ ಹೊರಡಲಿಲ್ಲ.

ಅವಳು ಕಾದಳು. ಕಾದು ಸಾಕಾಯಿತು.

"ನಾ ಹೇಳ್ಲೇನು?" ಎಂದಳು. "ನನಗ ನೀವು ಭಾಳ ಸೇರೀರಿ. ಭಾನುವಾರ ಬಿಟ್ಟು ಬ್ಯಾರೆ ದಿನಾನೂ ನೀವು ಮನಿಗೆ ಬರ್ಬೇಕು ಅನಸ್ತೈತಿ."

ಚಿನ್ಮಯ್ ಕನ್ನಡಕ ಹಾಕಿಕೊಂಡ.

"ಇದನ್ನೇ ಹೇಳೋಕೆ ನಾನು ವಾರ ಪೂರ್ತಿ ಸಾಲು ಬರೆದೆ. ಒಂದೂ ಸರಿ ಬರಲಿಲ್ಲ."

"ಎಲ್ಲಾ ಸಾಲು ಬ್ಯಾಡ. ಹೂಂ ಅಂದ್ರ ಸಾಕು."

"ಹೂಂ," ಎಂದ ಅವನು. ಆಮೇಲೆ ತಡವರಿಸುತ್ತ ಸೇರಿಸಿದ. "ಊರಿಗೆ ಫೋನ್ ಮಾಡಿ ಅಮ್ಮನಿಗೂ ಹೇಳ್ಬಿಟ್ಟಿದ್ದೀನಿ."

"ನನ್ನ ಕೇಳೂಕಿಂತ ಮೊದಲ? ಏನಂದ್ರು?"

"ಹುಡುಗಿ ಮೊದಲು ಒಪ್ಪಲಿ, ಆಮೇಲೆ ನಾನು ಬಂದು ನೋಡ್ತೀನಿ ಅಂದ್ರು."

ದಾನೇಶ್ವರಿ ಕಣ್ಣೊರೆಸಿಕೊಂಡು ಅವನ ಪಕ್ಕದಲ್ಲಿ ಕಟ್ಟೆಯ ಮೇಲೆ ಕೂತಳು.

"ಹುಡುಗಿ ಒಪ್ಯಾಳ. ಬರಾಕ ಹೇಳ್ರಿ."

"ನಮ್ಮಮ್ಮನಿಗೆ ಖಾರ ಆಗಲ್ಲ."

"ನಮ್ಮವ್ವಗ ಖಾರ ಕಡಿಮಿ ಹಾಕಾಕ ಬರಂಗಿಲ್ಲ." ಅವಳು ಮೊದಲ ಬಾರಿಗೆ ಅವನ ಎದುರು ಬಾಯಿ ತುಂಬ ನಕ್ಕಳು. "ಅವರಿಬ್ರ ನಡಕ ನೀವು ಸಿಗಬ್ಯಾಡ್ರಿ. ನನ್ನ ಹತ್ರ ಬಂದು ಕುಂದರ್ರಿ."