ಸೊನ್ನೆ ಬಿದ್ದ ಲೆಕ್ಕ

“ಈ ಲೆಕ್ಕಕ್ಕ ಸೊನ್ನಿ ಹಾಕಿದವರು ಯಾರ್ರೀ?”

ವಿಶಾಖಾಳ ಕೈಲಿದ್ದ ಕೆಂಪು ಪೆನ್ನು ಅಲ್ಲೇ ನಿಂತಿತು. ಕೋಣೆಯಲ್ಲಿದ್ದ ಉಪನ್ಯಾಸಕರೆಲ್ಲ ತಲೆಯೆತ್ತಿದರು.

“ನಾನ್ರೀ...”

ರಾಯಚೂರಿನ ಆ ಮೌಲ್ಯಮಾಪನ ಕೇಂದ್ರಕ್ಕೆ ಬಂದು ಅವಳಿಗಿದು ಮೂರನೇ ದಿನ. ದೇವದುರ್ಗದ ಕಾಲೇಜಿನಲ್ಲಿ ಕೆಲಸ ಸಿಕ್ಕು ವರ್ಷ ತುಂಬಿರಲಿಲ್ಲ. ಹುಟ್ಟೂರು ಮಸರಕಲ್ಲಿನ ಅವರ ಓಣಿಯಿಂದ ಉಪನ್ಯಾಸಕಿಯಾದವಳು ಅವಳೊಬ್ಬಳೇ. ಎಲ್ಲೂ ತಪ್ಪಾಗಬಾರದು ಎಂಬ ಭಯ ಸದಾ ಎದೆಯಲ್ಲಿ!

ಎದುರಿಗೆ ನಿಂತಿದ್ದವನು ಮಾನ್ವಿಯ ಉಪನ್ಯಾಸಕ ನರಸಿಂಹ. ತಿದ್ದಿದ ಭೌತಶಾಸ್ತ್ರದ ಪತ್ರಿಕೆಗಳನ್ನು ಮತ್ತೊಮ್ಮೆ ನೋಡಿ ಸಹಿ ಹಾಕುವ ಕೆಲಸ ಅವನದು.

ನಲವತ್ತು ಮೀಟರ್ ಎತ್ತರದ ಕಟ್ಟಡದಿಂದ ಚೆಂಡೊಂದನ್ನು ಸೆಕೆಂಡಿಗೆ ಇಪ್ಪತ್ತು ಮೀಟರ್ ವೇಗದಲ್ಲಿ, ಮೂವತ್ತು ಡಿಗ್ರಿ ಮೇಲ್ಮುಖವಾಗಿ ಎಸೆದರೆ ನೆಲ ಮುಟ್ಟಲು ಎಷ್ಟು ಹೊತ್ತು? ಅದು ಪ್ರಶ್ನೆ.

“ಮಾದರಿ ಉತ್ತರದಾಗ ನಲವತ್ತಕ್ಕ ಮೈನಸ್ ಅದ. ಇದರಾಗ ಪ್ಲಸ್ ಬರದಾರ,” ಎಂದಳು ವಿಶಾಖಾ.

“ಇವರು ಕೆಳಗಿನ ದಿಕ್ಕನ್ನ ಪ್ಲಸ್ ಅಂತ ಹಿಡದಾರ್ರಿ. ಎತ್ತರ ಪ್ಲಸ್ ನಲವತ್ತು, ಗುರುತ್ವ ಪ್ಲಸ್ ಹತ್ತು. ಮ್ಯಾಲ ಹೋಗೋ ವೇಗ ಇಪ್ಪತ್ತರ ಅರ್ಧ, ಅದು ಮೈನಸ್ ಹತ್ತು. ಸಮೀಕರಣಕ್ಕ ಹಾಕಿ ನೋಡ್ರಿ.”

ಹಾಕಿ ನೋಡಿದಳು. ನಾಲ್ಕು ಸೆಕೆಂಡು. ಉತ್ತರ ಸರಿಯಾಗಿಯೇ ಇತ್ತು!

ಕಿವಿ ಬಿಸಿಯಾಯಿತು. ಎಲ್ಲರೆದುರು ಹೀಗೆ ಕೇಳಬೇಕಿತ್ತೇ? ಅದಕ್ಕಿಂತ ದೊಡ್ಡ ಭಯ ಆಮೇಲೆ ಬಂತು... ನಿನ್ನೆಯ ಪತ್ರಿಕೆಗಳ ಕಟ್ಟಿನಲ್ಲೂ ಇಬ್ಬರು ಹೀಗೇ ಬರೆದಿದ್ದರು. ಅವರಿಗೂ ಸೊನ್ನೆ ಹಾಕಿದ್ದಳು!

ಸಂಜೆ ನರಸಿಂಹ ಕೇಂದ್ರದ ಮುಖ್ಯಸ್ಥೆ ಸರಸ್ವತಿಬಾಯಿಯವರ ಕೋಣೆಗೆ ಹೋಗುವುದನ್ನು ಕಂಡಳು.

‘ಮುಗೀತು. ನನ್ನ ಮ್ಯಾಲ ಕಂಪ್ಲೇಂಟ್ ಕೊಡಾಕ ಹೋಗ್ಯಾನ...’

ದೇವದುರ್ಗದ ಬಸ್ಸಿನಲ್ಲಿ ಕಣ್ಣು ತುಂಬಿ ಬಂತು. ನಿನ್ನೆಯ ಕಟ್ಟಿನ ವಿಷಯ ಬಾಯಿ ಬಿಡದಿದ್ದರೆ ಯಾರಿಗೂ ಗೊತ್ತಾಗದು. ಆದರೆ ಆ ಇಬ್ಬರು ಮಕ್ಕಳು?

ಮರುದಿನ ಬೆಳಿಗ್ಗೆ ಅವಳೇ ಸರಸ್ವತಿಬಾಯಿಯವರ ಮುಂದೆ ನಿಂತಳು.

“ಮೇಡಂ, ಇನ್ನೂ ಇಬ್ಬರಿಗೆ ತಪ್ಪಿ ಸೊನ್ನಿ ಹಾಕೀನ್ರಿ. ಮೊನ್ನಿ ಕಟ್ಟು ತೆಗಸ್ರಿ.”

“ನೀನೂ ಅದನ್ನ ಹೇಳಾಕ ಬಂದಿಯೇನವಾ?” ಅವರು ನಕ್ಕರು. “ನರಸಿಂಹ ನಿನ್ನೆ ಅದಕ್ಕ ಬಂದಿದ್ದ. ಮೊದಲನೇ ದಿನ ಬ್ಯಾರೆಯವರ ಕಟ್ಟಿನಾಗ ಅಂಥಾವು ನಾಕು ಸೊನ್ನಿ ನೋಡಿ, ಸರಿ ಅಂತ ತಾನ ಸಹಿ ಹಾಕಿದ್ದನಂತ. ನಿನ್ನ ಹೆಸರ ಎತ್ತಲಿಲ್ಲ. ಎಲ್ಲಾ ಕಟ್ಟು ಮತ್ತ ನೋಡಸ್ತೀನಿ, ಹೋಗು.”

ವಿಶಾಖಾ ಮೆಟ್ಟಿಲ ಬಳಿ ಅವನನ್ನು ತಡೆದಳು. “ನೀವೂ ತಪ್ಪಿದ್ದಿರಿ ಅಂತ ನನಗ ಯಾಕ ಹೇಳಲಿಲ್ಲ?”

“ನಿಮ್ಮ ಮುಂದ ಶಾಣ್ಯಾ ಅನಿಸ್ಕೋಬೇಕು ಅಂತಿತ್ರಿ...” ಅವನು ತಲೆ ತಗ್ಗಿಸಿದ. “ಎಲ್ಲಾರ ಮುಂದ ಹಂಗ ಕೇಳಬಾರದಿತ್ತು. ತಪ್ಪಾತು.”

ಅಂದಿನಿಂದ ಎಂಟು ದಿನ ಇಬ್ಬರೂ ಒಂದೇ ಬೆಂಚಿನ ಮೇಲೆ ಕುಳಿತು ಉಂಡರು.

ಕೊನೆಯ ದಿನ, ಬಸ್ ನಿಲ್ದಾಣದಲ್ಲಿ ಅವನು ಕೇಳಿಯೇಬಿಟ್ಟ. “ವಿಶಾಖಾ... ನನ್ನ ಲಗ್ನ ಆಗ್ತೀರೇನು?”

ಎದೆ ಹಾರಿತು! ಅದರ ಹಿಂದೆಯೇ ಭಯ. “ನಮ್ಮ ಜಾತಿ ಯಾವುದು, ನಿಮ್ಮದು ಯಾವುದು ಅಂತ ಗೊತ್ತದ ಅಲ್ರಿ? ನಿಮ್ಮ ಮನ್ಯಾಗ ಒಪ್ತಾರೇನು?”

“ಅಮ್ಮಗ ಹೇಳೀನಿ. ಎರಡು ದಿನ ಮಾತಾಡಲಿಲ್ಲ. ಇವತ್ತ ಮುಂಜಾನೆ, ‘ಆ ಹುಡುಗಿ ನಿನಗಿಂತ ಛಲೋ ಪಾಠ ಹೇಳ್ತಾಳೇನು?’ ಅಂದ್ಲು.”

“ನೀವೇನಂದ್ರಿ?”

“ಹೂಂ ಅಂದೆ.”

ದೇವದುರ್ಗದ ಬಸ್ಸು ಬಂದು ನಿಂತಿತು. ವಿಶಾಖಾ ಹತ್ತಲಿಲ್ಲ. ಕಣ್ಣೊರೆಸಿಕೊಂಡಳು.

“ಐತವಾರ ಮಸರಕಲ್ಲಿಗೆ ಬರ್ರಿ. ನಮ್ಮಪ್ಪಗ ನಾನ ಹೇಳ್ತೀನಿ.”

“ನಾನೇನು ಹೇಳ್ಲಿ?”

“ಏನೂ ಬ್ಯಾಡ. ನನ್ನ ಬಾಜೂ ಕುಂದರ್ರಿ, ಸಾಕು...”