ಸಡಿಲ ಸರಪಳಿ

ಓಸ್ಮೊನ ಹೆಂಡತಿ ಲೆಂಪಿ ಸರೋವರದಲ್ಲಿ ಮುಳುಗಿ ಸತ್ತು ಎರಡು ವರ್ಷವಾಗುತ್ತ ಬಂದಿತ್ತು. ಕುಡಿದು ದೋಣಿ ನಡೆಸಿ ಅವಳನ್ನು ಮುಳುಗಿಸಿದ ನೆರೆಮನೆಯ ಕಾಲೆವಿ ಒಂದು ದಿನವೂ ಜೈಲು ಕಂಡಿರಲಿಲ್ಲ. ಎರಡು ವರ್ಷದೊಳಗೆ ಇನ್ನೊಂದು ಅಪರಾಧ ಮಾಡಿದರೆ ಮಾತ್ರ ಒಳಗೆ ಹಾಕುವುದೆಂದು ನ್ಯಾಯಾಲಯ ಅವನನ್ನು ಬಿಟ್ಟಿತ್ತು. ಆ ಗಡುವಿಗೆ ಇನ್ನು ಹನ್ನೊಂದು ದಿನ ಉಳಿದಿತ್ತು.

ಭಾನುವಾರಗಳಂದು ಚರ್ಚಿನ ಪ್ರಾರ್ಥನೆಯಲ್ಲಿ ಕ್ಷಮೆಯ ಸಾಲು ಬಂದಾಗ ಓಸ್ಮೊ ಬಾಯಿ ಮುಚ್ಚಿಕೊಳ್ಳುತ್ತಿದ್ದ. ದೇವರ ಮುಂದೆ ಸುಳ್ಳು ಹೇಳಲು ಅವನಿಗೆ ಮನಸ್ಸಿರಲಿಲ್ಲ. ದ್ವೇಷ ಹೊತ್ತೂ ಹೊತ್ತೂ ಅವನಿಗೆ ಸಾಕಾಗಿತ್ತು. ಗಡುವು ಮುಗಿಯುವವರೆಗೆ ಕಾಲೆವಿ ತಾನಾಗಿ ತಪ್ಪು ಮಾಡುವವನಲ್ಲ. ಅವನ ಹೆಸರಿನಲ್ಲಿ ಯಾರಾದರೂ ಮಾಡಬೇಕಾಗಿತ್ತು.

ಸ್ಮಶಾನದ ದಾರಿಯಲ್ಲಿ ಒಂದು ಮುದಿ ಪೈನ್ ಮರವಿತ್ತು. ಹೆಣ ಒಯ್ಯುವವರು ಅಲ್ಲಿ ನಿಂತು ಸತ್ತವರ ಹೆಸರಿನ ಅಕ್ಷರಗಳನ್ನು ಅದರ ಮೈಮೇಲೆ ಕೆತ್ತುತ್ತಿದ್ದರು. ಕಾನೂನಿನ ರಕ್ಷಣೆಯಿದ್ದ ಮರ. ಕಡಿದವನಿಗೆ ಜೈಲು ಖಚಿತ. ಕೊನೆಯದಾಗಿ ಕೆತ್ತಿದ್ದು ಲೆಂಪಿಯ ಅಕ್ಷರಗಳನ್ನು, ಕೆತ್ತಿದವನು ಓಸ್ಮೊ. ಹೆಂಡತಿಯ ಹೆಸರಿರುವ ಮರವನ್ನು ಗಂಡನೇ ಉರುಳಿಸಿದನೆಂದು ಯಾರು ತಾನೇ ನೆನೆದಾರು?

ಕಾರಣವನ್ನು ಕಾಲೆವಿಯೇ ಒದಗಿಸಿದ್ದ. ಅಂಗಡಿಯ ಕಾಫಿ ಮೇಜಿನ ಬಳಿ ಎಲ್ಲರೆದುರು ಗೊಣಗಿದ್ದ:

"ಆ ಸತ್ತವರ ಮರದ ನೆರಳಲ್ಲಿ ನನ್ನ ಆಲೂಗಡ್ಡೆ ಏಳೋದೇ ಇಲ್ಲ. ಒಂದಿನ ಉರುಳಿಸಿಬಿಡ್ತೀನಿ ನೋಡ್ತಿರಿ."

"ನಿನ್ನ ಗರಗಸದಲ್ಲಾ?" ಎಂದಿದ್ದಳು ಅಂಗಡಿಯವಳು. "ಬೆಣ್ಣೆ ಕೊಯ್ಯೋಕೆ ಹೋದ್ರೂ ಅದರ ಚೈನ್ ಮೂರು ಸಲ ಕಳಚುತ್ತಲ್ಲ ಮಾರಾಯ."

ಅದು ನಿಜವೇ. ಕಾಲೆವಿಯ ಮೋಟಾರು ಗರಗಸದಲ್ಲಿ ಹಲ್ಲಿನ ಚೈನ್ ಬಿಗಿ ಮಾಡುವ ಸ್ಕ್ರೂ ಮುರಿದು ಮೂರು ವರ್ಷವಾಗಿತ್ತು. ಅವನು ಒಂದು ಮರದ ಬೆಣೆ ತುರುಕಿ ದಿನ ದೂಡುತ್ತಿದ್ದ. ಚೈನ್ ಜೋಲುತ್ತಿತ್ತು, ಕೊಯ್ತ ಹಾವಿನಂತೆ ಹೊರಳುತ್ತಿತ್ತು. ಅವನ ಸೌದೆಯ ತುಂಡನ್ನು ಊರಿನ ಯಾರು ಬೇಕಾದರೂ ಗುರುತಿಸಬಲ್ಲವರಾಗಿದ್ದರು. ಮೂವತ್ತೆಂಟು ವರ್ಷ ಕಾಡಿನಲ್ಲಿ ಮರ ಕಡಿದ ಓಸ್ಮೊನ ಕೊಯ್ತವೋ, ಉಜ್ಜುಗೊರಡು ಹಿಡಿದಷ್ಟು ನುಣುಪು.

ಶನಿವಾರ ಸಂಜೆ ಐದಕ್ಕೆ ಊರೆಲ್ಲ ಸೌನಾ ಎಂಬ ಹಬೆಮನೆಯ ಬಿಸಿಯಲ್ಲಿ ಕುಳಿತಿರುತ್ತದೆ. ಗರಗಸದ ಸದ್ದು ಕೇಳಿದರೂ ಬೆತ್ತಲೆ ಮೈಯಲ್ಲಿ ಹೊರಬಂದು ನೋಡುವವರಿಲ್ಲ. ಕಾಲೆವಿ ಮಧ್ಯಾಹ್ನದಿಂದಲೇ ಕುಡಿದು ಮಲಗಿರುತ್ತಾನೆ. ಅವನ ಕೊಟ್ಟಿಗೆಗೆ ಬೀಗವಿಲ್ಲ.

ಎಲ್ಲವೂ ಎಣಿಸಿದಂತೆಯೇ ನಡೆಯಿತು. ಓಸ್ಮೊ ಕೈಗವಸು ತೊಟ್ಟು ಆ ಗರಗಸ ತಂದ. ಚೈನ್ ಎರಡು ಸಲ ಕಳಚಿತು; ತಾಳ್ಮೆಯಿಂದ ಮತ್ತೆ ಕೂರಿಸಿದ. ಲೆಂಪಿಯ ಅಕ್ಷರಗಳ ಕಡೆ ನೋಡಲಿಲ್ಲ. ಮರ ಬಿದ್ದಾಗ ನೆಲ ನಡುಗಿತು, ಅವನ ಎದೆಯಲ್ಲಿ ಮಾತ್ರ ಏನೂ ಆಗಲಿಲ್ಲ. ಮನೆಗೆ ಬಂದು ಗರಗಸವನ್ನು ತನ್ನ ಕೆಲಸದ ಮೇಜಿನ ಮೇಲಿಟ್ಟು ಒರೆಸಿ, ಕತ್ತಲಾಗುವ ಮುನ್ನ ಕಾಲೆವಿಯ ಕೊಟ್ಟಿಗೆಯಲ್ಲಿ ಇದ್ದ ಜಾಗದಲ್ಲೇ ಇಟ್ಟ. ಆಮೇಲೆ ಸೌನಾ ಕಾಯಿಸಿ ಒಬ್ಬನೇ ಕುಳಿತ.

ಸೋಮವಾರ ಪೊಲೀಸ್ ಅಧಿಕಾರಿ ರೈಯಾ ಬಂದಳು.

"ಓಸ್ಮೊ ಅವರೇ, ನಿಮ್ಮನ್ನ ಇದಕ್ಕೆ ಕರೆಯೋಕೆ ಬೇಜಾರಾಗುತ್ತೆ. ಆದ್ರೆ ಮರದ ಕೊಯ್ತ ಓದೋಕೆ ನಿಮ್ಮಷ್ಟು ಗೊತ್ತಿರೋರು ಇನ್ಯಾರೂ ಇಲ್ಲ."

ಓಸ್ಮೊ ಬುಡದ ಬಳಿ ಮಂಡಿಯೂರಿ ಬಹಳ ಹೊತ್ತು ನೋಡಿದ. "ಸಡಿಲ ಚೈನ್ ಕೊಯ್ದದ್ದು. ಬಿಗಿ ಇದ್ರೆ ಹೀಗೆ ಅಲೆ ಏಳಲ್ಲ. ಅಂಥ ಗರಗಸ ಈ ಊರಲ್ಲಿರೋದು ಒಂದೇ."

"ಯಾರ ಹತ್ರ ಅಂತ ಅಂಗಡೀಲೂ ಹೇಳಿದ್ರು. ನಡೀರಿ, ಹೋಗಿ ನೋಡೋಣ," ಎಂದಳು ರೈಯಾ.

ಕಾಲೆವಿ ಕಣ್ಣುಜ್ಜಿಕೊಳ್ಳುತ್ತ ಕೊಟ್ಟಿಗೆಯ ಬಾಗಿಲು ತೆರೆದ. "ಬುಧವಾರ ಸೌದೆ ಕೊಯ್ದ ಮೇಲೆ ನಾನದನ್ನ ಮುಟ್ಟೇ ಇಲ್ಲ. ಬೇಕಾದ್ರೆ ನೋಡ್ಕೊಳಿ." ರೈಯಾ ಗರಗಸವನ್ನು ಬೆಳಕಿಗೆ ಎತ್ತಿ, ಚೈನನ್ನು ಬೆರಳಿನಿಂದ ಎಳೆದಳು. ಅದು ತಂತಿಯಂತೆ ಬಿಗಿಯಾಗಿತ್ತು. ಬೆಣೆಯಿದ್ದ ಜಾಗದಲ್ಲಿ ಹೊಸ ಸ್ಕ್ರೂ ಹೊಳೆಯುತ್ತಿತ್ತು. ಶನಿವಾರ ಆ ಗರಗಸ ಒರೆಸುವಾಗ, ತನ್ನ ಮನಸ್ಸೆಲ್ಲ ಲೆಂಪಿಯ ಬಳಿ ಇದ್ದಾಗ, ತನ್ನ ಕೈಗಳು ಏನು ಮಾಡುತ್ತಿದ್ದವೆಂದು ಓಸ್ಮೊನಿಗೆ ಆಗ ಹೊಳೆಯಿತು. ಎರವಲು ತಂದ ಗರಗಸವನ್ನು ಕೆಟ್ಟ ಸ್ಥಿತಿಯಲ್ಲಿ ಹಿಂದಿರುಗಿಸಿ ಆ ಕೈಗಳಿಗೆ ಅಭ್ಯಾಸವಿರಲಿಲ್ಲ. ಕಾಲೆವಿ ಬಗ್ಗಿ ನೋಡಿದ. ಅವನ ಮುಖ ಮಗುವಿನಂತೆ ಅರಳಿತು. "ಅಯ್ಯೋ, ರಿಪೇರಿ ಮಾಡಿಟ್ಟಿದೀಯಲ್ಲೋ ಓಸ್ಮೊ," ಎಂದ ಮೆಲ್ಲಗೆ. "ಈ ಊರಲ್ಲಿ ಇಷ್ಟು ನೀಟಾಗಿ ಬಿಗಿಯೋನು ಬೇರೆ ಯಾರಿದಾರೆ? ಎರಡು ವರ್ಷದಿಂದ ನನ್ನ ಹತ್ರ ಮಾತೇ ಆಡಿರಲಿಲ್ಲ ನೀನು."