ಹಿಂದಿನ ಸೀಟಿನ ಸಾಕ್ಷಿ

ಜೀಪಿನ ಬಂಪರ್ ನನ್ನ ನಂಬರ್ ಪ್ಲೇಟಿಗೆ ಗುದ್ದಿತು.

ಇದು ಎರಡನೇ ಸಲ!

ಬುಲೆಟ್ ಅಡ್ಡಾದಿಡ್ಡಿ ಓಲಾಡಿತು. ಎಡಕ್ಕೆ ಬಂಡೆ. ಬಲಕ್ಕೆ... ಬಲಕ್ಕೆ ಏನೂ ಇರಲಿಲ್ಲ. ಬರೀ ಮಂಜು. ಅದರ ಕೆಳಗೆಲ್ಲೋ ಮಸಿನಗುಡಿ ಕಾಡು.

"ಅಕ್ಕಾ!" ಹಿಂದಿನ ಸೀಟಿನಲ್ಲಿ ರಮ್ಯಾ ಚೀರಿದಳು.

"ಹಿಂದೆ ನೋಡ್ಬೇಡ. ನನ್ನ ಸೊಂಟ ಬಿಡ್ಬೇಡ. ಅಷ್ಟೇ ನಿನ್ನ ಕೆಲಸ!"

ಕಲ್ಲಟ್ಟಿ ಘಾಟ್ ನೋಡಿದ್ದೀರಾ? ಮಸಿನಗುಡಿಯಿಂದ ಊಟಿಗೆ ಹತ್ತುವ ರಸ್ತೆ. ಮೂವತ್ತಾರು ಹೇರ್‌ಪಿನ್ ತಿರುವು. ಹೊರಗಿನ ಗಾಡಿಗಳು ಹತ್ತಬಹುದು, ಇಳಿಯುವ ಹಾಗಿಲ್ಲ. ಬ್ರೇಕ್ ಸುಟ್ಟುಕೊಂಡು ಎಷ್ಟೋ ಜನ ಸತ್ತಿದ್ದಾರೆ ಅಲ್ಲಿ. ಒಂದು ಬೈಕ್ ಪ್ರಪಾತಕ್ಕೆ ಬಿದ್ದರೆ ಯಾಕೆ ಬಿತ್ತು ಅಂತ ಯಾರೂ ಕೇಳುವುದಿಲ್ಲ. ಜೀಪಿನಲ್ಲಿದ್ದವರಿಗೂ ಅದು ಚೆನ್ನಾಗಿ ಗೊತ್ತಿತ್ತು.

ನಾನು ರಜೆಗೆ ಬಂದಿದ್ದೆ ಸ್ವಾಮಿ. ರಜೆಗೆ!

ಮೈಸೂರಿನಲ್ಲಿ ನನ್ನದು ಪ್ರೈವೇಟ್ ಡಿಟೆಕ್ಟಿವ್ ಕೆಲಸ. ಓಡಿಹೋದ ಗಂಡಂದಿರು, ಸುಳ್ಳು ಜಾತಕದ ವರಗಳು, ಆಸ್ತಿ ಕಬಳಿಸಿದ ಅಣ್ಣತಮ್ಮಂದಿರು... ವರ್ಷಪೂರ್ತಿ ಇವರ ಮುಖವನ್ನೇ ನೋಡಿ ನೋಡಿ ತಲೆ ಕೆಟ್ಟುಹೋಗಿತ್ತು. ಬುಲೆಟ್ ಹತ್ತಿದೆ. ಒಬ್ಬಳೇ. ಮಸಿನಗುಡಿ ದಾಟಿ ಮಾವನಲ್ಲ ಅನ್ನುವ ಹಳ್ಳಿಯಲ್ಲಿ ಒಂದು ಹೋಮ್‌ಸ್ಟೇ ಹಿಡಿದೆ. ಎರಡೇ ರೂಮು. ಮುಂದೆ ಒಂದಿಷ್ಟು ಬೀನ್ಸ್ ಹೊಲ. ಯಜಮಾನಿಯ ಹೆಸರು ಹಾಲಿ ಅಜ್ಜಿ, ನೀಲಗಿರಿಯ ಬಡಗರ ಸಮುದಾಯದ ಮುದುಕಿ. ಬಿಳಿ ಬಟ್ಟೆ, ತಲೆಗೂ ಬಿಳಿ ವಸ್ತ್ರ. ಕೇಳದೇ ಊಟ ಬಡಿಸುತ್ತಿದ್ದರು. ಬೇಡ ಅಂದರೂ ಬಡಿಸುತ್ತಿದ್ದರು.

ಮೊಮ್ಮಗಳು ಈ ರಮ್ಯಾ. ಇಪ್ಪತ್ತೆರಡೋ ಇಪ್ಪತ್ಮೂರೋ. ಪಕ್ಕದ ರೆಸಾರ್ಟಿನಲ್ಲಿ ರಿಸೆಪ್ಷನಿಸ್ಟ್. ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಅಜ್ಜಿಯ ಮುಂದೆ ಬಂದು ತಲೆ ಬಗ್ಗಿಸುತ್ತಿದ್ದಳು. ಅಜ್ಜಿ ಆ ತಲೆಯ ಮೇಲೆ ಕೈಯಿಟ್ಟು ಏನೋ ಹರಸುತ್ತಿದ್ದರು. ದಿನಾ ನಡೆಯುವ ಕೆಲಸ. ಹಲ್ಲುಜ್ಜಿದಷ್ಟೇ ಸಹಜ.

"ಕಾಲಿಗೆ ಬೀಳಲ್ವಾ ನೀವು?" ಅಂತ ಕೇಳಿದ್ದೆ.

"ನಮ್ಮಲ್ಲಿ ತಲೆ ಕೊಡೋದು ಅಕ್ಕಾ. ಹಿರಿಯರು ಯಾರು ಎದುರು ಬಂದ್ರೂ ಕೊಡ್ಬೇಕು. ಸ್ವಂತ ಅಜ್ಜಿನೇ ಆಗ್ಬೇಕು ಅಂತಿಲ್ಲ. ಮಗು ನಡೆಯೋಕೆ ಕಲಿತ ಕೂಡ್ಲೇ ಇದನ್ನೂ ಕಲಿಸ್ತಾರೆ."

ಆವತ್ತು ಬೆಳಿಗ್ಗೆ ಕೆಲಸಕ್ಕೆ ಹೋದವಳು ಅರ್ಧ ಗಂಟೆಯಲ್ಲೇ ವಾಪಸ್ ಓಡಿ ಬಂದಳು. ಚಪ್ಪಲಿ ಇರಲಿಲ್ಲ. ಮುಖದಲ್ಲಿ ರಕ್ತವೇ ಇರಲಿಲ್ಲ.

"ಮಾದಣ್ಣನ್ನ ಕೊಂದ್ಬಿಟ್ರು!"

ಮಾದನ್ ಅಂದರೆ ರೆಸಾರ್ಟಿನ ತೋಟದ ಕೆಲಸದವನು. ಆನೆ ಬರದ ಹಾಗೆ ಬೇಲಿಗೆ ನೇರ ಕರೆಂಟ್ ಕೊಟ್ಟಿದ್ದರಂತೆ. ಕಾನೂನಿಗೆ ವಿರುದ್ಧ. ಬೆಳಿಗ್ಗೆ ಆಫ್ ಮಾಡಲು ಮರೆತಿದ್ದಾರೆ. ಮಾದನ್ ಮುಟ್ಟಿದ. ಬಿದ್ದ.

"ಕರೆಂಟ್ ಹೊಡೆದು ಸತ್ತಿದ್ದಾನೆ ಅಂದ್ರೆ ಅದು ಆಕ್ಸಿಡೆಂಟ್ ಅಲ್ವೇನೇ?" ಅಂದೆ.

"ಸತ್ತಿರ್ಲಿಲ್ಲ ಅಕ್ಕಾ!" ಅವಳ ಹಲ್ಲು ಕಟಕಟ ಅನ್ನುತ್ತಿತ್ತು. "ಉಸಿರಾಡ್ತಾ ಇದ್ದ. ಮ್ಯಾನೇಜರ್ ಸೆಂಥಿಲ್ ಬಂದ. ಆಸ್ಪತ್ರೆಗೆ ಕೊಂಡುಹೋದ್ರೆ ಬೇಲಿ ವಿಷಯ ಹೊರಗೆ ಬರ್ತದೆ ಅಂದ. ಆನೆ ತುಳಿದ ಹಾಗೆ ಕಾಣ್ಬೇಕು ಅಂದ. ಅವನ ಮೇಲೆ ಜೀಪು... ಜೀಪು ಹತ್ತಿಸಿದ ಅಕ್ಕಾ. ಮಾದಣ್ಣ ಕೈ ಎತ್ತಿದ. ನಾ ಕಿಟಕೀಲಿ ನಿಂತು ನೋಡ್ತಾ ಇದ್ದೆ."

"ನಿನ್ನನ್ನ ನೋಡಿದ್ರಾ?"

"ಸೆಂಥಿಲ್ ನೋಡಿದ."

ನನಗೆ ಸಿಟ್ಟು ಬಂತು. ಬದುಕಿರುವ ಮನುಷ್ಯನ ಮೇಲೆ ಜೀಪು ಹತ್ತಿಸಿ ಆನೆಯ ತಲೆಗೆ ಕಟ್ಟುವವರನ್ನು ಏನೆನ್ನಬೇಕು? ವಿಡಿಯೋ ಇಲ್ಲ. ಬೇರೆ ಸಾಕ್ಷಿ ಇಲ್ಲ. ಇದ್ದದ್ದು ಈ ಹುಡುಗಿಯ ಬಾಯಿ ಒಂದೇ. ಅವಳು ಸಂಜೆಯೊಳಗೆ ಸತ್ತರೆ ಮಾದನ್ ಆನೆ ತುಳಿದೇ ಸತ್ತ ಹಾಗೆ.

ಊಟಿಯಲ್ಲಿ ನನಗೆ ಗೊತ್ತಿದ್ದವರು ಒಬ್ಬರೇ. ವಕೀಲ ರಾಜೇಶ್‌ಕುಮಾರ್. ಹಳೇ ಪರಿಚಯ. ಎಷ್ಟೋ ಕೇಸಿನಲ್ಲಿ ಜೊತೆಗೆ ಕೆಲಸ ಮಾಡಿದ್ದೇವೆ. ಫೋನ್ ಮಾಡಿದೆ.

"ನೇರ ಮ್ಯಾಜಿಸ್ಟ್ರೇಟ್ ಮುಂದೆ ಹೇಳಿಕೆ ಕೊಡಿಸೋಣ ಮೇಡಂ. ಕರ್ಕೊಂಡು ಬನ್ನಿ," ಅಂದರು. "ಘಾಟ್ ಹತ್ತಿದ ಕೂಡ್ಲೇ ಒಂದು ಟೀ ಅಂಗಡಿ ಇದೆ. ಅಲ್ಲಿಗೆ ಒಬ್ಬ ಆಫೀಸರನ್ನ ಕಳಿಸ್ತೀನಿ."

"ಲೋಕಲ್ ಬೇಡ ಸಾರ್. ರೆಸಾರ್ಟಿನವರಿಗೆ ಊರೆಲ್ಲಾ ನೆಂಟರು. ಹುಡುಗಿ ಹೆದರಿಹೋಗಿದ್ದಾಳೆ. ಹೊರಗಿನವನಾದ್ರೆ ಮಾತ್ರ ಅವನ ಗಾಡಿ ಹತ್ತುತ್ತಾಳೆ."

"ಆಯ್ತು. ಹೊರಗಿನವನನ್ನೇ ಕಳಿಸ್ತೀನಿ. ಧೈರ್ಯವಾಗಿರಿ."

ಅಷ್ಟರಲ್ಲಿ ಗೇಟಿನ ಹತ್ತಿರ ಜೀಪಿನ ಸದ್ದು!

ಹಾಲಿ ಅಜ್ಜಿ ಎದ್ದು ಹೋಗಿ ಮುಂಬಾಗಿಲ ಹೊಸ್ತಿಲ ಮೇಲೆ ಕುಳಿತರು. "ನೀವು ಹಿಂದಿಂದ ಹೋಗಿ. ನಾ ಇಲ್ಲಿ ಕೂತಿರ್ತೇನೆ. ಮುದುಕಿಯ ದಾಟಿ ಯಾರು ಒಳಗೆ ಬರ್ತಾರೆ ನೋಡುವ."

ರಮ್ಯಾ ಅಜ್ಜಿಯ ಕಡೆ ತಿರುಗಿದಳು. ತಲೆ ಬಗ್ಗಿಸುವಷ್ಟು ಟೈಮ್ ಇರಲಿಲ್ಲ. ನಾನೇ ಎಳೆದುಕೊಂಡು ಓಡಿದೆ.

ಹೀಗೆ ಘಾಟ್ ತಲುಪಿದ್ದು.

ಮೂರನೇ ಗುದ್ದಿಗೆ ನಾವು ಉಳಿಯುತ್ತಿರಲಿಲ್ಲ. ನೇರ ರಸ್ತೆಯಲ್ಲಿ ಜೀಪಿಗೆ ಬಲ. ತಿರುವಿನಲ್ಲಿ ಬೈಕಿಗೆ. ಮುಂದೆ ಮತ್ತೊಂದು ಹೇರ್‌ಪಿನ್. ಅದರ ಬಾಯಲ್ಲೇ ಮಸಿನಗುಡಿಗೆ ಇಳಿಯುತ್ತಿದ್ದ ಬಸ್ಸು! ಇಡೀ ರಸ್ತೆ ತುಂಬಿಕೊಂಡು, ಹಾರ್ನ್ ಒತ್ತಿಕೊಂಡು ಬರುತ್ತಿತ್ತು.

ಬಸ್ಸಿಗೂ ಬಂಡೆಗೂ ನಡುವೆ ಒಂದು ಸಂದು.

"ಕಾಲು ಒಳಗೆ ತಗೋ!" ಅಂತ ಕೂಗಿದೆ.

ನುಗ್ಗಿದೆ. ಎಡಗಡೆಯ ಕನ್ನಡಿ ಬಂಡೆಗೆ ತಾಗಿ ಕಿತ್ತುಹೋಯಿತು. ಮೊಣಕೈ ತರಚಿತು. ಬಸ್ಸಿನ ಡ್ರೈವರ್ ತಮಿಳಿನಲ್ಲಿ ನನ್ನ ವಂಶವನ್ನೆಲ್ಲಾ ಬೈದ. ಹಿಂದೆ ಜೀಪು ಗಕ್ಕನೆ ನಿಂತಿತು. ಬಸ್ಸಿಗೆ ದಾರಿ ಬಿಡಬೇಕಾದರೆ ಅದು ಹಿಂದಿನ ತಿರುವಿನವರೆಗೂ ರಿವರ್ಸ್ ಹೋಗಬೇಕು.

ನಮಗೆ ಸ್ವಲ್ಪ ಉಸಿರು ಸಿಕ್ಕಿತು. ಸ್ವಲ್ಪವೇ.

ಘಾಟ್ ಮುಗಿಯಿತು. ಚಳಿ ಮುಖಕ್ಕೆ ಹೊಡೆಯಿತು. ಟೀ ಅಂಗಡಿ ಕಂಡಿತು. ಅಂಗಡಿಯ ಹಿಂದೆ ಒಂದು ಬಡಗರ ಹಟ್ಟಿ, ಸಾಲಾಗಿ ಹತ್ತಿಪ್ಪತ್ತು ಮನೆ. ಮುಂದೆ ಕ್ಯಾರೆಟ್ ತುಂಬಿದ ಪಿಕಪ್. ಅದರ ಪಕ್ಕ ಬಿಳಿ ಬೊಲೆರೊ. ಒರಗಿ ನಿಂತಿದ್ದವನು ಮೂವತ್ತರ ಆಸುಪಾಸು. ಗಟ್ಟಿ ಆಳು. ಶಾರ್ಟ್ ಕ್ರಾಪ್, ಮೇಲೊಂದು ಕ್ಯಾಪ್.

"ವಣಕ್ಕಂ ಮೇಡಂ. ದಿನೇಶ್‌ಕುಮಾರ್, ಕ್ರೈಂ ಬ್ರಾಂಚ್. ವಕೀಲರು ಕಳಿಸಿದ್ರು." ಎಲ್ಲಾ ತಮಿಳಿನಲ್ಲೇ. ಐಡಿ ಕಾರ್ಡ್ ತೋರಿಸಿದ. ಫೋಟೋ, ಸೀಲು, ಎಲ್ಲಾ ಸರಿ ಇತ್ತು.

"ಯಾವೂರು ನೀವು?"

"ತಿರುಪ್ಪೂರು. ಇಲ್ಲಿಗೆ ಟ್ರಾನ್ಸ್‌ಫರ್ ಆಗಿ ತಿಂಗಳೂ ಆಗಿಲ್ಲ. ಈ ಚಳಿ ತಡೆಯೋಕೆ ಆಗ್ತಿಲ್ಲ ಮೇಡಂ!"

ರಮ್ಯಾ ಬಡಗ ಮಾತಿನಲ್ಲಿ ಏನೋ ಕೇಳಿದಳು. ಪರೀಕ್ಷೆ ಮಾಡಲಿಕ್ಕೇ ಕೇಳಿದಳು ಅನ್ನಿಸುತ್ತೆ. ಅವನು ನನ್ನ ಮುಖ ನೋಡಿ ನಕ್ಕ.

"ಬಡಗ ತೆರಿಯಾದು. ಒಂದು ಮಾತೂ ಅರ್ಥ ಆಗಲ್ಲಮ್ಮಾ."

ರಮ್ಯಾಳ ಭುಜ ಸಡಿಲಾಯಿತು. ನನ್ನದೂ ಅಷ್ಟೇ. ಅವನು ಹಿಂದಿನ ಬಾಗಿಲು ತೆಗೆದ. ಅವಳು ಒಂದು ಕಾಲು ಒಳಗಿಟ್ಟಳು.

"ನೀವು ಹಿಂದೆ ಬೈಕಲ್ಲಿ ಬನ್ನಿ ಮೇಡಂ. ನಾನು ಒಳದಾರಿಯಲ್ಲಿ ಹೋಗ್ತೀನಿ, ಟ್ರಾಫಿಕ್..."

ಮಾತು ಅಲ್ಲಿಗೇ ನಿಂತಿತು.

ಹಟ್ಟಿಯ ಕಡೆಯಿಂದ ಒಬ್ಬ ಮುದುಕಿ ಬಂದಿದ್ದರು. ಬಿಳಿ ಬಟ್ಟೆ, ಕೈಯಲ್ಲಿ ಹಾಲಿನ ಕ್ಯಾನು. ಬೊಲೆರೊ ದಾರಿಗೆ ಅಡ್ಡ ಇತ್ತು. ಅವನೆದುರು ನಿಂತು ಮುಖವೆತ್ತಿ ನೋಡಿದರು.

ಅವನು ಕ್ಯಾಪ್ ತೆಗೆದ. ತಲೆ ಬಗ್ಗಿಸಿದ.

ಯೋಚನೆ ಮಾಡಿ ಮಾಡಿದ್ದಲ್ಲ. ನನ್ನ ಜೊತೆ ಆಡುತ್ತಿದ್ದ ಮಾತು ನಡುವೆ ಬಿಟ್ಟು, ತನಗೇ ಗೊತ್ತಿಲ್ಲದ ಹಾಗೆ!

ಮುದುಕಿ ಆ ತಲೆಯ ಮೇಲೆ ಕೈಯಿಟ್ಟರು. "ಬದುಕು, ಒಳ್ಳೆಂಗ ಬದುಕು. ನೀ ಯಾವ ಹಟ್ಟಿ ತಮ್ಮಾ?"

ತಿರುಪ್ಪೂರಿನವನು ಕೈ ಮುಗಿಯುತ್ತಾನೆ. ತೀರಾ ಒಳ್ಳೆಯವನಾದರೆ ಕಾಲು ಮುಟ್ಟುತ್ತಾನೆ. ಗುರುತಿಲ್ಲದ ಮುದುಕಿಗೆ ಹೀಗೆ ತಲೆ ಕೊಡುವವನು ಈ ಬೆಟ್ಟದಲ್ಲಿ, ಇಂಥದ್ದೇ ಒಂದು ಹಟ್ಟಿಯಲ್ಲಿ ನಡೆಯಲು ಕಲಿತಿರಬೇಕು.

ಅವನು ತಲೆಯೆತ್ತಿದ. ನನ್ನ ಕಣ್ಣು ನೋಡಿದ. ಇಬ್ಬರಿಗೂ ಒಟ್ಟಿಗೇ ಗೊತ್ತಾಯಿತು.

ಕೈ ಸೊಂಟಕ್ಕೆ ಹೋಯಿತು. ಪಿಸ್ತೂಲ್!

ನನ್ನ ಕೈಯಲ್ಲಿ ಹೆಲ್ಮೆಟ್ ಇತ್ತು. ಒಳ್ಳೇ ಹೆಲ್ಮೆಟ್. ಬೀಸಿದೆ. ಅವನ ದವಡೆಯಲ್ಲಿ ಏನೋ ಲಟಕ್ ಅಂದಿತು. ಪಿಸ್ತೂಲ್ ಬೊಲೆರೊ ಕೆಳಗೆ ಜಾರಿತು. ಇನ್ನೊಮ್ಮೆ ಬೀಸಿದೆ. ಅದರ ಅಗತ್ಯ ಇರಲಿಲ್ಲ... ಆದರೂ ಬೀಸಿದೆ.

"ರಮ್ಯಾ, ಕೆಳಗಿಳಿ!"

ಅವಳು ಇಳಿದಳು. ಅಂಗಡಿಯವರಿಗೆ, ಆ ಮುದುಕಿಗೆ, ತನ್ನ ಮಾತಿನಲ್ಲಿ ಗಡಗಡ ಹೇಳಿದಳು. ಮಾದನ್ ಹೆಸರು ಎರಡು ಸಲ ಬಂತು. ಒಬ್ಬ ಹಗ್ಗ ತಂದ. ಇನ್ನೊಬ್ಬ ಪಿಕಪ್ ಸ್ಟಾರ್ಟ್ ಮಾಡಿ ರಸ್ತೆಗೆ ಅಡ್ಡ ನಿಲ್ಲಿಸಿದ.

"ಜೀಪು ಬರ್ಲಿ," ಅಂದ. "ಕ್ಯಾರೆಟ್ ಇಳಿಸೋಕೆ ನಮಗೆ ತುಂಬಾ ಹೊತ್ತು ಬೇಕು."

ಮುದುಕಿ ಮಾತ್ರ ತಮ್ಮ ಕೈಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತಾ ನಿಂತಿದ್ದರು.

ಅಷ್ಟರಲ್ಲಿ ಕಟ್ಟಿಹಾಕಿದವನ ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ತೆಗೆದೆ. ಸ್ಪೀಕರ್ ಒತ್ತಿದೆ. ಮಾತಾಡಲಿಲ್ಲ.

"ಮುಗೀತಾ?" ಆ ದನಿ ನನಗೆ ವರ್ಷಗಳಿಂದ ಗೊತ್ತು. "ಹುಡುಗಿ ಒಬ್ಬಳೇನಾ, ಆ ಮೈಸೂರು ಹೆಂಗಸೂ ಸೇರಿನಾ?"

ರಾಜೇಶ್‌ಕುಮಾರ್!

ಸುಳ್ಳೇಕೆ, ಹೆದರಿಕೆಯಾಯಿತು. ಜೀಪು ಹಿಂದೆ ಬಿದ್ದಾಗ ಹೀಗಾಗಿರಲಿಲ್ಲ. ಹುಡುಗಿಯನ್ನು ಬೇಟೆಗಾರನ ಕೈಗೆ ಕೊಡಲು ಅಷ್ಟು ದೂರ ಹೊತ್ತು ತಂದವಳು ನಾನೇ. ಎಂಥವನು ಬೇಕು ಅಂತ ಹೇಳಿಕೊಟ್ಟವಳೂ ನಾನೇ.

"ಮ್," ಅಂದೆ, ಗಂಟಲು ದಪ್ಪ ಮಾಡಿ.

"ಇಬ್ರೂನಾ?"

"ಮ್."

"ಸರಿ. ನಾನು ಕೋರ್ಟಲ್ಲೇ ಇರ್ತೀನಿ. ನಾಲ್ಕು ಜನರ ಕಣ್ಣಿಗೆ ಬಿದ್ದಿರೋದು ಒಳ್ಳೇದು." ಫೋನ್ ಕಟ್.

ರಮ್ಯಾ ನನ್ನನ್ನೇ ನೋಡುತ್ತಿದ್ದಳು. ಅವಳೂ ಕೇಳಿಸಿಕೊಂಡಿದ್ದಳು.

"ಎನಗ ಅಂಜಿಕೆ ಅಕ್ಕಾ. ಯಾರ ಹತ್ರ ಹೇಳೋದು ಇನ್ನು?"

"ಮ್ಯಾಜಿಸ್ಟ್ರೇಟ್ ಹತ್ರ. ಯಾರ ಕೈಗೂ ಕೊಡಲ್ಲ ನಿನ್ನ. ನಾನೇ ಬಾಗಿಲವರೆಗೂ ಬರ್ತೀನಿ. ಹತ್ತು!"

ಊಟಿ ತಲುಪಿದೆವು. ಕೋರ್ಟಿನ ಹಿಂದಿನ ಗೇಟಿನಿಂದ ನುಗ್ಗಿದೆವು. ಕಣ್ಣಿಗೆ ಬಿದ್ದ ಮೊದಲ ಹೆಂಗಸು ವಕೀಲೆಯ ಕೈ ಹಿಡಿದುಕೊಂಡೆ. ಪುಣ್ಯಾತ್ಗಿತ್ತಿ, ಊಟದ ಡಬ್ಬಿ ಅಲ್ಲೇ ಬಿಟ್ಟು ಎದ್ದಳು. ಖಾಸಗಿ ದೂರು ಅಂತ ಬರೆದು ನೇರ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಿದಳು. ಬಾಗಿಲು ಮುಚ್ಚಿತು.

ನಾನು ಹೊರಗೆ ಬೆಂಚಿನ ಮೇಲೆ ಕುಳಿತೆ. ಮೊಣಕೈಯಿಂದ ರಕ್ತ ಇಳಿಯುತ್ತಿತ್ತು. ಒಳಗಿನಿಂದ ರಮ್ಯಾಳ ದನಿ ಸಣ್ಣಗೆ ಕೇಳುತ್ತಿತ್ತು. ಮೊದಲು ನಡುಗಿತು. ಆಮೇಲೆ ನಡುಗಲಿಲ್ಲ.

ಫೋನ್ ಬಂತು. ಮಾವನಲ್ಲದ ಪಕ್ಕದ ಮನೆಯ ಪೊನ್ನಮ್ಮ.

"ಮೇಡಂ... ಹಾಲಿ ಅಜ್ಜಿ ಬಾಗಿಲು ಬಿಡಲೇ ಇಲ್ಲ. ತಳ್ಳಿದ್ರು. ತಲೆ ಹೊಸ್ತಿಲಿಗೆ ಬಡೀತು." ಬಿಕ್ಕಿದಳು. "ಆಸ್ಪತ್ರೆ ಮುಟ್ಟೋಕೆ ಮುಂಚೆನೇ ಹೋಗಿಬಿಟ್ರು ಮೇಡಂ. ರಮ್ಯಾಗೆ ಹೇಳಿ."

ನಾನು ಹೇಳಲಿಲ್ಲ.

ಫೋನ್ ಆಫ್ ಮಾಡಿ ಜೇಬಿಗೆ ಹಾಕಿದೆ. ಬಾಗಿಲು ತಟ್ಟಬಹುದಿತ್ತು. ತಟ್ಟಿದ್ದರೆ ಹುಡುಗಿ ಅಲ್ಲೇ ಕುಸಿಯುತ್ತಿದ್ದಳು. ಹೇಳಿಕೆ ಅರ್ಧಕ್ಕೆ ನಿಲ್ಲುತ್ತಿತ್ತು. ಸೆಂಥಿಲ್‌ಗೆ ಒಂದು ರಾತ್ರಿ ಸಿಗುತ್ತಿತ್ತು. ಒಂದು ರಾತ್ರಿ ಅವರಿಗೆ ಧಾರಾಳ. ನನ್ನದು ಕಲ್ಲು ಮನಸ್ಸು ಅನ್ನಿ, ಪರವಾಗಿಲ್ಲ. ಅವಳು ಸಹಿ ಹಾಕುವವರೆಗೂ ಅಜ್ಜಿ ಬದುಕಿರಲಿ ಅಂತ ತೀರ್ಮಾನ ಮಾಡಿದೆ. ಕಣ್ಣು ಒರೆಸಿಕೊಂಡೆ. ಮತ್ತೆ ತುಂಬಿತು.

ಕಾರಿಡಾರಿನ ಆ ತುದಿಯಲ್ಲಿ ನಗು ಕೇಳಿಸಿತು.

ಕಪ್ಪು ಕೋಟು. ಕೈಯಲ್ಲಿ ಟೀ ಗ್ಲಾಸು. ಜೊತೆಗೆ ಇಬ್ಬರು ಜೂನಿಯರ್‌ಗಳು. ರಾಜೇಶ್‌ಕುಮಾರ್ ಹರಟುತ್ತಾ ಬಂದು ತಿರುವಿನಲ್ಲಿ ನನ್ನನ್ನು ನೋಡಿದರು. ಟೀ ತುಳುಕಿ ಕೈಮೇಲೆ ಚೆಲ್ಲಿತು. ಸುಟ್ಟಿದ್ದೂ ಅವರಿಗೆ ಗೊತ್ತಾಗಲಿಲ್ಲ.

ಆದರೆ ವಕೀಲರಲ್ಲವೇ, ಮುಖ ಸರಿ ಮಾಡಿಕೊಂಡರು.

"ಮೇಡಂ! ಅಬ್ಬಾ, ಬಂದ್ರಲ್ಲಾ! ನನಗಂತೂ ಪ್ರಾಣವೇ ಹೋಗಿತ್ತು... ಹುಡುಗಿ? ಹುಡುಗಿ ಎಲ್ಲಿ?"

"ಒಳಗಿದ್ದಾಳೆ ಸಾರ್."

"ಒಳಗೆ ಅಂದ್ರೆ?"

"ಮ್ಯಾಜಿಸ್ಟ್ರೇಟ್ ಮುಂದೆ. ಮಾದನ್ ವಿಷಯ ಹೇಳಿ ಮುಗಿಸಿದ್ಲು. ಘಾಟಿನ ವಿಷಯನೂ ಮುಗೀತು. ಈಗ ಟೀ ಅಂಗಡಿಯಲ್ಲಿ ಬಂದ ನಿಮ್ಮ ಫೋನಿನ ವಿಷಯಕ್ಕೆ ಬಂದಿದ್ದಾಳೆ."

ಜೂನಿಯರ್‌ಗಳು ಒಂದೊಂದು ಹೆಜ್ಜೆ ಹಿಂದೆ ಸರಿದರು.

ನಾನು ಬೆಂಚಿನಲ್ಲಿ ಸ್ವಲ್ಪ ಸರಿದು ಅವರಿಗೆ ಜಾಗ ಮಾಡಿಕೊಟ್ಟೆ.

"ಕೂತ್ಕೊಳ್ಳಿ ಸಾರ್. ಆರೋಪಿಯ ತಂದೆ ಹೆಸರೇನು ಅಂತ ಕೇಳ್ತಿದ್ದಾರೆ... ನನಗೆ ಗೊತ್ತಿಲ್ಲ, ನೀವೇ ಹೇಳಿಬಿಡಿ."